ಎರಡನೇ ಸಲ ಎಂಜಿನ್ ಇಳಿಸಬೇಕಂತೆ: ಇಟ್ಕೊಳ್ಳುದಾ, ಕೊಟ್ಟುಬಿಡುದಾ?

ಉದ್ಯಾವರ ಎರಡು ಸೀಟು

ಎಲ್ಲರಿಗೂ ನಮಸ್ಕಾರ. ಉದ್ದ ಬರೀತೇನೆ, ಬೇಜಾರು ಮಾಡ್ಬೇಡಿ.

ಮೂರು ವರ್ಷದ ಹಿಂದೆ ಬೆಂಗಳೂರಿನಿಂದ ಒಂದು ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಕಾರು ತಂದೆ. ಎರಡು ಬಾಗಿಲು, ಆರು ಸಿಲಿಂಡರ್, 52 ಸಾವಿರ ಕಿ.ಮೀ. ಓಡಿದ್ದು. ಯಾವ ಕಂಪೆನಿ, ಯಾವ ಗ್ಯಾರೇಜು ಅಂತ ಕೇಳ್ಬೇಡಿ, ಅವರ ಜೊತೆ ಮಾತುಕತೆ ಇನ್ನೂ ಮುಗಿದಿಲ್ಲ. ತಂದ ಮರುವರ್ಷ ಶಿರಾಡಿ ಹತ್ತುವಾಗ ಎಂಜಿನ್ ಒಳಗಿಂದ ಶಬ್ದ ಶುರುವಾಯ್ತು. ಅಲ್ಲೇ ನಿಲ್ಲಿಸಿದೆ. ಫ್ಲಾಟ್‌ಬೆಡ್ ಮೇಲೆ ಬೆಂಗಳೂರಿಗೆ ಹೋಯ್ತು. ಬೇರಿಂಗ್, ಅಂದ್ರೆ ಪಿಸ್ಟನಿನ ರಾಡು ಎಂಜಿನಿನ ಮುಖ್ಯ ಶಾಫ್ಟಿಗೆ (ಕ್ರ್ಯಾಂಕ್) ಕೂರುವಲ್ಲಿ ಇರುವ ಲೋಹದ ಚಿಪ್ಪು, ಹೋಗಿದೆ ಅಂದ್ರು. ಎಂಜಿನ್ ಇಳಿಸಿ, ಬೇರಿಂಗ್ ಸೆಟ್ ಹಾಕಿ, 4 ಲಕ್ಷ 60 ಸಾವಿರ ಬಿಲ್ ಕೊಟ್ರು. ಕೊಟ್ಟೆ. ಹೋಗ್ಲಿ, ಇಷ್ಟಪಟ್ಟು ತಂದದ್ದು.

ಈಗ ಅದಾಗಿ 8,700 ಕಿ.ಮೀ. ಕಳೆದ ವಾರ ಹೆಜಮಾಡಿ ಟೋಲಿನಲ್ಲಿ ಫಾಸ್ಟ್ಯಾಗ್ ಓದ್ಲಿಲ್ಲ ಅಂತ ಗಾಜು ಇಳಿಸಿದೆ. ಬೂತಿನ ಗೋಡೆಗೆ ಬಡಿದು ವಾಪಸ್ ಬಂದ ಶಬ್ದದಲ್ಲಿ ಮತ್ತೆ ಅದೇ ಟಕಟಕ. ಟೋಲಿನ ಹುಡುಗ ಕೂಡ ಬಗ್ಗಿ ನೋಡಿದ. ಗ್ಯಾರೇಜಿಗೆ ಫೋನ್ ಮಾಡಿದ್ರೆ, “ಗಾಡಿ ಕಳಿಸಿ ಸರ್, ಇಳಿಸಿ ನೋಡ್ಬೇಕಾಗ್ತದೆ” ಅಂತ.

ದುಡ್ಡಿನದ್ದು ಒಂದು ತಲೆಬಿಸಿ. ಅದಕ್ಕಿಂತ ದೊಡ್ಡದು ಬೇರೆ. ಮೊದಲು ಸೈಲೆನ್ಸರ್ ಶಬ್ದ ಕೇಳ್ಲಿಕ್ಕೆ ಅಂತಲೇ ಗಾಜು ಇಳಿಸ್ತಿದ್ದೆ. ಈಗ ಇಳಿಸುವುದು ಎಲ್ಲಿ ಎಂತ ಬಡಿತದೆ ಅಂತ ಕೇಳ್ಲಿಕ್ಕೆ. ಪಾಟು (ಹಾಡು) ಹಾಕುದಿಲ್ಲ, ಪಕ್ಕದವರ ಹತ್ರ ಮಾತಾಡುದಿಲ್ಲ. ಜ್ವರ ಬಂದ ಮಗುವಿನ ಹಣೆ ಮುಟ್ಟಿ ಮುಟ್ಟಿ ನೋಡಿದ ಹಾಗೆ ಆಗಿದೆ ನನ್ನ ಡ್ರೈವಿಂಗ್. ಹೆಂಡತಿ ಬಜ್ಪೆ ಏರ್‌ಪೋರ್ಟಿಗೆ ಈ ಕಾರಿನಲ್ಲಿ ಬರುವುದಿಲ್ಲ ಅಂತ ಖಡಾಖಂಡಿತ ಹೇಳಿಯಾಯ್ತು. ಫ್ಲೈಟ್ ಇರುವ ದಿವಸ ವ್ಯಾಗನ್‌ಆರ್ ತೆಗೀಬೇಕು.

ಇನ್ನೊಮ್ಮೆ ದುಡ್ಡು ಸುರಿಯುದಾ, ಸಿಕ್ಕಿದ ರೇಟಿಗೆ ತಳ್ಳುದಾ? ಅನುಭವ ಇದ್ದವರು ಹೇಳಿ.

ಕೊಟ್ಟಾರ ಚೌಕಿ

ತಳ್ಳಿ. ಇದರಲ್ಲಿ ಯೋಚನೆ ಮಾಡ್ಲಿಕ್ಕೆ ಎಂತ ಉಂಟು ಮಾರಾಯ್ರೆ? ಹೊಸತಕ್ಕೆ ಕೋಟಿ ಹತ್ತಿರ ಇದ್ದ ಕಾರು ಹತ್ತು ವರ್ಷದಲ್ಲಿ ಇಪ್ಪತ್ತು ಲಕ್ಷಕ್ಕೆ ಸಿಗ್ತದೆ ಅಂದ್ರೆ ಯಾರೂ ದಾನ ಮಾಡ್ತಾ ಇಲ್ಲ. ಕಾರಿನ ರೇಟು ಮಾತ್ರ ಇಳಿಯುದು, ಬಿಡಿಭಾಗದ ರೇಟು ಕೋಟಿ ಕಾರಿನದ್ದೇ.

ಮಣಿಪಾಲ ಎಂಟನೇ ಸೆಮ್

ಅಣ್ಣ, ಬೇರಿಂಗ್ ವಿಷಯದಲ್ಲಿ ನಿಮ್ಮ ಕಾರು ಒಂಟಿ ಅಲ್ಲ. ಬಿಎಂಡಬ್ಲ್ಯೂ ಎಂ3ಯ ವಿ8 (ಎಸ್65) ಮತ್ತು ಎಂ5ರ ವಿ10 (ಎಸ್85), ಎರಡೂ ಈ ವಿಷಯದಲ್ಲಿ ಪ್ರಸಿದ್ಧ. ಮಾಲೀಕರು ಶಬ್ದ ಬರುವ ಮೊದಲೇ ಬೇರಿಂಗ್ ಬದಲಿಸಿಡ್ತಾರೆ. ಅದಕ್ಕಿಂತ ಹಿಂದಿನ ಎಂ3ಯ ಆರು ಸಿಲಿಂಡರ್ ಎಂಜಿನಿಗೂ ಇದೇ ಬೇರಿಂಗ್ ಕಾರಣಕ್ಕೆ ಕಂಪೆನಿಯೇ ಕಾರು ವಾಪಸ್ ಕರೆದಿತ್ತು.

ಲೆಕ್ಕ ಸುಲಭ. ಪಿಸ್ಟನ್ ಮತ್ತು ಕನೆಕ್ಟಿಂಗ್ ರಾಡನ್ನು ಎಳೆದು ನಿಲ್ಲಿಸುವ ಬಲ ಆರ್‌ಪಿಎಮ್‌ನ (ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು) ವರ್ಗಕ್ಕೆ ತಕ್ಕ ಹಾಗೆ ಏರ್ತದೆ. 4,200ರಿಂದ 8,400ಕ್ಕೆ ಹೋದ್ರೆ ಬಲ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಅಷ್ಟನ್ನೂ ತಡೆಯುವುದು ತಲೆಕೂದಲಿಗಿಂತ ತೆಳುವಾದ ಸಂದಿನಲ್ಲಿ ನಿಂತ ಆಯಿಲ್. ಆ ಪದರ ಒಮ್ಮೆ ಹರಿದರೆ ಲೋಹಕ್ಕೆ ಲೋಹ. ಸ್ಪೋರ್ಟ್ಸ್ ಕಾರು ಅಂದ ಮೇಲೆ ಇದು ಇದ್ದದ್ದೇ.

ದುಬೈಯ ಕಾರ್ಕಳದವ

ಇದ್ದದ್ದೇ ಅಂತ ಹೇಳ್ಬೇಡ ತಮ್ಮ. ನನ್ನ ಹತ್ರ ಇಲ್ಲಿ ಆರು ವರ್ಷ ಹೋಂಡಾ ಎಸ್2000 ಇತ್ತು. ಎರಡು ಲೀಟರ್ ಎಂಜಿನ್, ಟರ್ಬೋ ಇಲ್ಲದೆ ಲೀಟರಿಗೆ 120 ಕುದುರೆ, 9,000 ಆರ್‌ಪಿಎಮ್ ತನಕ ಹೋಗ್ತದೆ. ನಲವತ್ತೇಳು ಡಿಗ್ರಿ ಬಿಸಿಲಿನಲ್ಲಿ ಓಡಿಸಿದ್ದೇನೆ. ಆಯಿಲ್ ಬಿಟ್ರೆ ಬೇರೆ ಎಂತ ಕೇಳ್ಲಿಲ್ಲ ಅದು. ಆರ್‌ಪಿಎಮ್ ಒಂದೇ ಕಾರಣ ಆಗಿದ್ರೆ ಆ ಕಾರು ಯಾವತ್ತೋ ಗುಜರಿಗೆ ಹೋಗ್ಬೇಕಿತ್ತು. ಯಾವ ಸಂದು ಇಟ್ಟಿದ್ದಾರೆ, ಯಾವ ಲೋಹ, ಯಾವ ಆಯಿಲ್ ಅಂತ ಕೂತು ಲೆಕ್ಕ ಹಾಕಿದವರ ಎಂಜಿನ್ ಬಾಳ್ತದೆ.

ನಂಬಿಕೆ ವಿಷಯಕ್ಕೆ ಬಂದ್ರೆ ಪೋರ್ಷೆಯ ಎರಡು ಕಥೆ ಗೊತ್ತಿರಬೇಕು.

ಒಂದನೆಯದು 996 ಅಂತ ಕರೆಯುವ 911 ಮತ್ತು ಆ ಕಾಲದ ಬಾಕ್ಸ್‌ಟರ್. ಎಂಜಿನ್ ಒಳಗೆ ಕ್ಯಾಮ್ (ವಾಲ್ವ್ ತೆರೆಯುವ ಶಾಫ್ಟ್) ತಿರುಗಿಸ್ಲಿಕ್ಕೆ ಒಂದು ನಡು ಶಾಫ್ಟ್, ಅದರ ತುದಿಗೆ ಒಂದು ಸೀಲ್ ಮಾಡಿದ ಬೇರಿಂಗ್. ಅದು ಪುಡಿಯಾದ್ರೆ ಕ್ಯಾಮಿನ ಟೈಮಿಂಗ್ ತಪ್ಪಿ ಪಿಸ್ಟನ್ ವಾಲ್ವಿಗೆ ಬಡಿದು ಎಂಜಿನೇ ಹೋಯ್ತು. ಅಮೆರಿಕದಲ್ಲಿ ಮಾಲೀಕರು ಒಟ್ಟಾಗಿ ಕೇಸ್ ಹಾಕಿ 2013ರಲ್ಲಿ ರಾಜಿ ಆಯ್ತು. ಆ ಕೇಸಿನಲ್ಲಿ ಹೊರಬಂದ ಲೆಕ್ಕದ ಪ್ರಕಾರ ಒಂದು ಸಾಲು ಗುಂಡಿನ ಬೇರಿಂಗ್ ಇದ್ದವುಗಳಲ್ಲಿ ಹಾಳಾದದ್ದು ಸುಮಾರು 8 ಶೇಕಡಾ, ಎರಡು ಸಾಲಿನವುಗಳಲ್ಲಿ 1ಕ್ಕೂ ಕಡಿಮೆ. ಅಂದ್ರೆ ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಕಾರಿಗೆ ಎಂತ ಆಗ್ಲಿಲ್ಲ. ಆದ್ರೆ ರೇಟು ಬಿದ್ದದ್ದು ನೂರಕ್ಕೆ ನೂರೂ ಕಾರಿನದ್ದು. (ಒಡೆದ ಮೊಟ್ಟೆ ಬಾಣಲೆಗೆ ಸುರಿದ ಹಾಗಿದ್ದ ಆ ಹೆಡ್‌ಲೈಟಿಗೂ ಅದರಲ್ಲಿ ಪಾಲುಂಟು.) ಅದೇ ಕಾಲದ ಟರ್ಬೋ ಮತ್ತು ಜಿಟಿ3ಗೆ ಬೇರೆ ಎಂಜಿನ್, ಅದರಲ್ಲಿ ಈ ರಗಳೆಯೇ ಇಲ್ಲ. 2009ರ ಮಾಡೆಲಿನಿಂದ ಹೊಸ ಎಂಜಿನ್ ಬಂದು ಆ ಶಾಫ್ಟೇ ಹೋಯ್ತು.

ಎರಡನೆಯದು 2014ರ ಜಿಟಿ3. ಎರಡು ಕಾರಿಗೆ ಬೆಂಕಿ ಬಿತ್ತು. ಕನೆಕ್ಟಿಂಗ್ ರಾಡಿನ ಬೋಲ್ಟ್ ಸಡಿಲಾಗಿ, ರಾಡು ಎಂಜಿನಿನ ಹೊಟ್ಟೆ ಒಡೆದು, ಆಯಿಲ್ ಸೋರಿ ಹೊತ್ತಿಕೊಂಡದ್ದು. ಕಂಪೆನಿಯವರು ಮಾಲೀಕರಿಗೆ ಓಡಿಸ್ಬೇಡಿ ಅಂದ್ರು, 785 ಕಾರಿಗೂ ಎಂಜಿನ್ನೇ ಬದಲಿಸಿಕೊಟ್ರು. ಈಗ ಆ ಕಾರು ಮಾರುವವ “ಬದಲಿಸಿದ ಎಂಜಿನ್” ಅಂತ ಹೆಮ್ಮೆಯಿಂದ ಹೇಳ್ತಾನೆ. ಬೆಂಕಿ ಬಿದ್ದ ಕಾರಿನ ಮೇಲೆ ನಂಬಿಕೆ ಉಳೀತು, ಬೆಂಕಿ ಬೀಳದ ಕಾರಿನ ಮೇಲೆ ಹೋಯ್ತು. ಎಂತಕ್ಕೆ ಅಂತ ನೀವೇ ಯೋಚಿಸಿ.

ಕೊಟ್ಟಾರ ಚೌಕಿ

ಎಂತಕ್ಕೆ ಅಂದ್ರೆ 785 ಕಾರು, ಅದೂ ಹೊಸತು. ಉದ್ಯಾವರದ ಹಳೇ ಕಾರಿಗೆ ಯಾರು ಎಂಜಿನ್ ಕೊಡ್ತಾರೆ?

ಬೈಕಂಪಾಡಿ ಪಾನಾ

ಎಲ್ಲರೂ ಸ್ವಲ್ಪ ನಿಲ್ಲಿ. ಶಬ್ದ ಎಂತದ್ದು ಅಂತಲೇ ಇನ್ನೂ ಗೊತ್ತಿಲ್ಲ, ಅಷ್ಟರಲ್ಲಿ ಮಾರಾಟ, ಕೋರ್ಟು, ದುಬೈ ಎಲ್ಲ ಬಂತು.

ಎರಡು ಸೀಟಿನವರೇ, ನೀವು ಟಕಟಕ ಅಂದಿದ್ದೀರಿ. ಟಪ್ಪೆಟ್ (ವಾಲ್ವ್ ಒತ್ತುವ ಭಾಗ) ಶಬ್ದ ಸಣ್ಣ, ಹೊಲಿಗೆ ಮೆಷಿನ್ ಹಾಗೆ, ಮೇಲಿನಿಂದ ಬರ್ತದೆ, ಬಿಸಿ ಆದ ಮೇಲೆ ಹೆಚ್ಚಾಗಿ ಕಡಿಮೆ ಆಗ್ತದೆ. ಬಿಗ್‌ಎಂಡ್ (ರಾಡಿನ ಕೆಳತುದಿಯ ಬೇರಿಂಗ್) ಶಬ್ದ ಕೆಳಗಿಂದ, ದಪ್ಪ, ಯಾರೋ ಒಳಗಿಂದ ಬಾಗಿಲು ತಟ್ಟಿದ ಹಾಗೆ. ಆಯಿಲ್ ಬಿಸಿ ಆದಷ್ಟೂ, ಎಕ್ಸಲೇಟರ್ ಕೊಟ್ಟಷ್ಟೂ ಜೋರು. ಒಂದೊಂದೇ ಸಿಲಿಂಡರಿನ ಕಾಯಿಲ್ ಪ್ಲಗ್ ತೆಗೆದು ನೋಡಿದ್ರೆ, ಯಾವುದರದ್ದು ತೆಗೆದಾಗ ಬಡಿತ ಮೆತ್ತಗಾಗ್ತದೋ ಅದರದ್ದೇ ಬೇರಿಂಗ್. ಜಾಸ್ತಿ ಹೊತ್ತು ಓಡಿಸಿ ಪರೀಕ್ಷೆ ಮಾಡ್ಲಿಕ್ಕೆ ಹೋಗ್ಬೇಡಿ.

ಮೊದಲು ಆಯಿಲ್ ಇಳಿಸಿ ಫಿಲ್ಟರ್ ತೆಗೀರಿ. ನಿಮ್ಮದು ಕಾಗದದ ಕಾರ್ಟ್ರಿಜ್ ಇರಬೇಕು. ಬ್ಲೇಡಿನಲ್ಲಿ ಮಡಿಕೆ ಕತ್ತರಿಸಿ, ಉದ್ದಕ್ಕೆ ಬಿಡಿಸಿ, ಹಿಂಡಿ, ಪೇಪರ್ ಮೇಲೆ ಬಿಸಿಲಿಗೆ ಇಟ್ಟು ನೋಡಿ. ಫೋಟೊ ಹಾಕಿ. ಆಮೇಲೆ ಮಾತಾಡುವ.

ಹಿಂದಿನ ಸೀಟಿನವಳು

ನಮ್ಮ ಮನೆಯಲ್ಲೂ ಇಂಥದ್ದೇ ಒಂದು “ಮಗು” ಉಂಟು, ಹಾಗಾಗಿ ಆ ಹೆಂಡತಿಯ ಪರವಾಗಿ ಎರಡು ಮಾತು. ಕಾರು ಹಾಳಾಗ್ತದೆ ಅಂತ ಅವರಿಗೆ ಹೆದರಿಕೆ ಅಲ್ಲ. ಪಡುಬಿದ್ರಿಯಲ್ಲಿ ರಾತ್ರಿ ಹತ್ತಕ್ಕೆ, ಮಳೆಯಲ್ಲಿ, ಬಾನೆಟ್ ತೆಗೆದು ನಿಂತ ಗಂಡ “ಎಂತ ಇಲ್ಲ, ಎಂತ ಇಲ್ಲ” ಅಂತ ಹೇಳ್ತಾನಲ್ಲ, ಅದು ಹೆದರಿಕೆ. ಗೊತ್ತಿಲ್ಲದಿದ್ರೆ ಗೊತ್ತಿಲ್ಲ ಅಂತ ಹೇಳಿ ಸ್ವಾಮಿ.

ಕದ್ರಿ ವಕೀಲ

ಕಾನೂನಿನ ವಿಷಯ ಚುಟುಕಾಗಿ. ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿ ಬಂದ ಮೇಲೆ ದೋಷ ಇರುವ ವಾಹನ ವಾಪಸ್ ಪಡೆಯಿರಿ ಅಂತ ಕಂಪೆನಿಗೆ ಆದೇಶ ಮಾಡುವ ಅಧಿಕಾರ ಸರಕಾರಕ್ಕೆ ಉಂಟು. ಅದರ ನಿಯಮ 2021ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಆದ್ರೆ ಅದು ಏಳು ವರ್ಷದೊಳಗಿನ ವಾಹನಕ್ಕೆ, ಮತ್ತು ಎಷ್ಟು ದೂರು ಬಂತು ಅನ್ನುವುದರ ಮೇಲೆ. ದೇಶಕ್ಕೇ ಬೆರಳೆಣಿಕೆಯಷ್ಟು ಮಾರಾಟವಾದ ಕಾರಿನ ಮಾಲೀಕರು ದೂರು ಒಟ್ಟು ಮಾಡುವುದು ಕಷ್ಟ.

ನಿಮ್ಮ ದಾರಿ ಬೇರೆ. ಕಂಪೆನಿಯನ್ನು ಬಿಡಿ, ರಿಪೇರಿ ಸರಿ ಮಾಡಿದ್ದಾರಾ ಅಂತ ನೋಡಿ. ಮಾಡದಿದ್ರೆ ಸೇವಾ ನ್ಯೂನತೆ. 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ ನೀವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಗ್ಯಾರೇಜು ಬೆಂಗಳೂರಿನಲ್ಲಿದ್ದರೂ ಕೇಸು ಉಡುಪಿಯಲ್ಲಿ. ಕಾರಣ ಹುಟ್ಟಿದ ಎರಡು ವರ್ಷದ ಒಳಗೆ. ಬಿಲ್, ವಾಟ್ಸಾಪ್ ಮಾತು, ತೆಗೆದ ಹಳೇ ಬೇರಿಂಗ್, ಎಲ್ಲ ಇಟ್ಕೊಳ್ಳಿ.

ಉದ್ಯಾವರ ಎರಡು ಸೀಟು

@ಹಿಂದಿನ ಸೀಟಿನವಳು, ಅಕ್ಕ, ನಿಮ್ಮ ಮಾತನ್ನು ಮನೆಯಲ್ಲಿ ಓದಿ ಹೇಳಿದೆ. “ಅವರ ನಂಬರ್ ತಕ್ಕೊಳ್ಳಿ” ಅಂದ್ಲು.

ಇವತ್ತು ಫಿಲ್ಟರ್ ಕತ್ತರಿಸಿದೆ. ನನ್ನದು ಹಾರ್ಡ್‌ವೇರ್ ಅಂಗಡಿ, ಹಾಗಾಗಿ ಬ್ಲೇಡು, ಅಯಸ್ಕಾಂತ ಎಲ್ಲ ಕೈಯಲ್ಲೇ ಇತ್ತು. ಮಡಿಕೆ ಬಿಡಿಸಿ ಅಂಗಳದ ಬಿಸಿಲಿಗೆ ಹಿಡಿದ್ರೆ ಒಳಗೆಲ್ಲ ಮಿಣಮಿಣ. ಬಂಗುಡೆ ಕೊಯ್ದ ಮಣೆಯ ಮೇಲೆ ಪರೆ ಅಂಟಿರ್ತದಲ್ಲ, ಹಾಗೆ, ಆದ್ರೆ ಸ್ವಲ್ಪ ತಾಮ್ರದ ಬಣ್ಣ. ಒಳ್ಳೆ ಸುದ್ದಿ ಎಂತ ಅಂದ್ರೆ ಅಯಸ್ಕಾಂತ ಹಿಡಿದು ಮೂರು ಸಲ ಎಳೆದೆ, ಒಂದು ಚೂರೂ ಅಂಟ್ಲಿಲ್ಲ. ಕಬ್ಬಿಣ ಅಲ್ಲ ಅಂದ್ರೆ ಎಂಜಿನ್ ಸವೆದಿಲ್ಲ ಅಂತ ಅಲ್ವಾ?

ಬೈಕಂಪಾಡಿ ಪಾನಾ

ಅಲ್ಲ. ಅಂಟದ್ದೇ ತೊಂದರೆ.

ಬೇರಿಂಗಿನ ಬೆನ್ನು ಮಾತ್ರ ಸ್ಟೀಲು. ಮೇಲಿನ ಪದರ ತಾಮ್ರ, ತವರ, ಸೀಸ, ಅಲ್ಯೂಮಿನಿಯಂ, ಇಂಥದ್ದು. ಯಾವುದೂ ಅಯಸ್ಕಾಂತಕ್ಕೆ ಹತ್ತುದಿಲ್ಲ. ಬೆಳ್ಳಿ ಬಣ್ಣ ಅಂದ್ರೆ ಮೇಲಿನ ಪದರ ಹೋಗ್ತಾ ಉಂಟು, ತಾಮ್ರ ಕಂಡ್ರೆ ಕೆಳಗಿನ ಪದರಕ್ಕೆ ಮುಟ್ಟಿದೆ. ನಾಳೆಯಿಂದ ಸ್ಟಾರ್ಟ್ ಮಾಡ್ಬೇಡಿ. ಗೇಟಿನ ಹೊರಗೆ ತೆಗೀಲಿಕ್ಕೂ ತಳ್ಳಿಯೇ ತೆಗೀರಿ.

ಇನ್ನು ನಿಜವಾದ ಪ್ರಶ್ನೆ. ಮೊದಲ ರಿಪೇರಿಯ ಬಿಲ್ ತೆಗೆದು ನೋಡಿ. ಆಯಿಲ್ ಕೂಲರ್ ಹೊಸತು ಹಾಕಿದ್ದಾರಾ? ಕ್ರ್ಯಾಂಕ್ ಅಳತೆ ಬರೆದಿದ್ದಾರಾ?

ಉದ್ಯಾವರ ಎರಡು ಸೀಟು

ಬಿಲ್ ನಾಲ್ಕು ಪುಟ ಉಂಟು. ಬೇರಿಂಗ್ ಸೆಟ್, ಬೋಲ್ಟ್, ಗ್ಯಾಸ್ಕೆಟ್, ಆಯಿಲ್, ಫಿಲ್ಟರ್, ಕೂಲಂಟ್, ಲೇಬರ್. “ಕನ್ಸ್ಯೂಮೆಬಲ್ಸ್” ಅಂತಲೇ 11 ಸಾವಿರ, ಅದು ಎಂತ ತಿಂದದ್ದೋ ದೇವರಿಗೇ ಗೊತ್ತು. ಆಯಿಲ್ ಕೂಲರ್ ಇಲ್ಲ. ಅಳತೆ ಎಲ್ಲೂ ಬರೆದಿಲ್ಲ.

ಬೈಕಂಪಾಡಿ ಪಾನಾ

ಹಾಗಾದ್ರೆ ಇದು ಎರಡನೇ ರೋಗ ಅಲ್ಲ, ಮೊದಲನೆಯದೇ ಗುಣ ಆಗಿಲ್ಲ ಅಂತ ನನ್ನ ಅನುಮಾನ.

ಮೊದಲ ಸಲ ಬೇರಿಂಗ್ ಹೋದಾಗ ಆ ಹುಡಿ ಎಲ್ಲಿಗೆ ಹೋಯ್ತು? ಫಿಲ್ಟರ್ ಒಂದಷ್ಟು ಹಿಡೀತದೆ. ಉಳಿದದ್ದು ಆಯಿಲ್ ಗ್ಯಾಲರಿ (ಎಂಜಿನ್ ಒಳಗಿನ ಆಯಿಲ್ ದಾರಿ), ಪೈಪು, ಎಲ್ಲಕ್ಕಿಂತ ಹೆಚ್ಚು ಕೂಲರಿನ ಒಳಗೆ. ಸಪೂರ ಸಪೂರ ದಾರಿ, ಒಳಗೆ ರೆಕ್ಕೆ. ಪೆಟ್ರೋಲ್ ಹಾಕಿ ಅಲ್ಲಾಡಿಸಿದ್ರೆ ಎದುರಿಗೆ ಕ್ಲೀನ್ ಕಾಣ್ತದೆ, ಒಳಗೆ ಅಂಟಿಕೊಂಡದ್ದು ಹಾಗೇ ಇರ್ತದೆ. ಮತ್ತೆ ಎಂಜಿನ್ ಬಿಸಿಯಾಗಿ ಆಯಿಲ್ ರಭಸವಾಗಿ ಹರಿದಾಗ ಸ್ವಲ್ಪ ಸ್ವಲ್ಪ ಬಿಡ್ತದೆ, ಹೊಸ ಬೇರಿಂಗಿಗೆ ಮರಳಿನ ಕಾಗದ ಉಜ್ಜಿದ ಹಾಗೆ. ಬೇರಿಂಗ್ ಹೋದ ಎಂಜಿನಿಗೆ ಕೂಲರ್ ಬದಲಿಸಲೇಬೇಕು ಅಂತ ನಮಗೆ ಹೇಳಿಕೊಟ್ಟವರು ಬೈದು ಬೈದು ಹೇಳಿಕೊಟ್ಟಿದ್ದಾರೆ.

ಕಂಪೆನಿಯ ವಿನ್ಯಾಸದಲ್ಲಿ ತಪ್ಪಿಲ್ಲ ಅಂತ ನಾನು ಹೇಳುದಿಲ್ಲ. ಮೊದಲ ಸಲ ಹೋದದ್ದು ಅದರಿಂದಲೇ ಇರಬಹುದು. ಆದ್ರೆ “ಈ ಕಾರು ಪದೇ ಪದೇ ಹೋಗ್ತದೆ” ಅಂತ ಹೆಸರು ಬರುವುದರಲ್ಲಿ ನಮ್ಮ ಕೆಲಸದವರ ಪಾಲು ಎಷ್ಟು ಅಂತ ನಾವು ಯಾರೂ ಹೇಳಿಕೊಳ್ಳುದಿಲ್ಲ.

ಮಣಿಪಾಲ ಎಂಟನೇ ಸೆಮ್

ಇದು ಓದಿ ಫೋರ್ಡ್ ಫೋಕಸ್ ಆರ್‌ಎಸ್ ನೆನಪಾಯ್ತು. ಬಿಳಿ ಹೊಗೆ, ಕೂಲಂಟ್ ಮಾಯ. ಎಂಜಿನ್ನೇ ಸರಿ ಇಲ್ಲ ಅಂತ ಎಷ್ಟು ಜನ ಬರೆದ್ರು. ಆಮೇಲೆ ನೋಡಿದ್ರೆ ಫ್ಯಾಕ್ಟರಿಯಲ್ಲಿ ಮಸ್ಟ್ಯಾಂಗಿನ 2.3 ಲೀಟರ್ ಎಂಜಿನಿನ ಹೆಡ್ ಗ್ಯಾಸ್ಕೆಟ್ ಇದಕ್ಕೆ ಹಾಕಿದ್ರಂತೆ! 2018ರಲ್ಲಿ ಕಂಪೆನಿಯೇ ಗ್ಯಾಸ್ಕೆಟ್ ಬದಲಿಸಿಕೊಟ್ಟಿತು.

ಕೊಟ್ಟಾರ ಚೌಕಿ

ನೋಡಿ, ಫ್ಯಾಕ್ಟರಿಯವರಿಗೇ ಗ್ಯಾಸ್ಕೆಟ್ ಗುರ್ತ ಸಿಗುದಿಲ್ಲ. ಆದ್ರೂ ನೀವೆಲ್ಲ ಕಾರಿನ ಪರ.

ಸರಿ, ಪಾನಾ ಹೇಳಿದ್ದು ಒಪ್ತೇನೆ. ಆದ್ರೂ ನನ್ನ ಪ್ರಶ್ನೆ ಹಾಗೇ ಉಂಟು. ಎಲ್ಲ ಸರಿ ಮಾಡಿಸಿ ಕೊಟ್ಟರೂ ಈ ಮನುಷ್ಯ ಶಿರಾಡಿ ಹತ್ತುವಾಗ ಪಾಟು ಹಾಕ್ತಾರಾ?

ಮಲ್ಪೆ ಟ್ರಾಲರ್

ನಾನು ಕಾರಿನವ ಅಲ್ಲ, ಬೋಟಿನವ. ತಮ್ಮನ ಮಗ ಈ ಚರ್ಚೆ ತೋರಿಸಿದ, ಹಾಗೆ ಬಂದೆ.

ಜೂನ್ 1ರಿಂದ ಜುಲೈ 31ರ ತನಕ 61 ದಿನ ನಮಗೆ ಮೀನುಗಾರಿಕೆ ಬಂದ್. ಬೋಟು ಮೇಲೆ ಎಳೀತೇವೆ. ಆವಾಗ ಎಂಜಿನ್ ಬಿಚ್ತೇವೆ. ಹಾಳಾಗಿದೆ ಅಂತ ಅಲ್ಲ, ಹಾಳಾಗಬಾರದು ಅಂತ. ಇಷ್ಟು ಗಂಟೆ ಓಡಿತು, ಬೇರಿಂಗ್ ತೆಗಿ, ನೋಡು, ಉಗುರು ಎಳೆದು ನೋಡು, ಸಂಶಯ ಇದ್ರೆ ಬದಲಿಸು. ನಡು ಸಮುದ್ರದಲ್ಲಿ ಫ್ಲಾಟ್‌ಬೆಡ್ ಬರುದಿಲ್ಲ ಅಲ್ವಾ? ನಮ್ಮ ಮೇಸ್ತ್ರಿ ಉದ್ದ ಸ್ಕ್ರೂಡ್ರೈವರಿನ ತುದಿ ಎಂಜಿನಿಗೆ ಇಟ್ಟು, ಹಿಡಿ ಕಿವಿಗೆ ಒತ್ತಿ, ಕಣ್ಣು ಮುಚ್ಚಿ ಕೇಳ್ತಾರೆ. ಆಮೇಲೆ ಒಂದು ನೋಟ್‌ಬುಕ್ಕಿನಲ್ಲಿ ಬರೀತಾರೆ. ಆ ಪುಸ್ತಕ ನೋಡಿಯೇ ನಾನು ಹತ್ತು ದಿವಸದ ಆಳಸಮುದ್ರಕ್ಕೆ ಜನ ಕಳಿಸುದು. ಎಂಜಿನಿನ ಮೇಲೆ ನನಗೆ ನಂಬಿಕೆ ಇಲ್ಲ. ಪುಸ್ತಕದ ಮೇಲೆ ಉಂಟು.

ನಿಮ್ಮ ಕಾರಿನವರು ಶಬ್ದ ಬರುವ ತನಕ ಬಾನೆಟ್ ತೆಗೆಯುದಿಲ್ಲ, ಬಂದ ಮೇಲೆ ಕೂಗ್ತೀರಿ.

ದುಬೈಯ ಕಾರ್ಕಳದವ

ಟ್ರಾಲರ್ ಅಣ್ಣ, ಅಡ್ಡಬಿದ್ದೆ. ಇದೇ ಮಾತು 911 ಮಾಲೀಕರೂ ಕಲಿತದ್ದು. ಕ್ಲಚ್ ಬದಲಿಸ್ಲಿಕ್ಕೆ ಗೇರ್‌ಬಾಕ್ಸ್ ಇಳಿಸಿದಾಗ ಆ ನಡು ಶಾಫ್ಟಿನ ಬೇರಿಂಗನ್ನೂ ಬದಲಿಸಿ, ಬಿಲ್ ಇಟ್ಕೊಳ್ಳುದು. ಈಗ ಆ ಬಿಲ್ ಇದ್ದ ಕಾರಿಗೆ ಒಂದು ರೇಟು, ಇಲ್ಲದ್ದಕ್ಕೆ ಇನ್ನೊಂದು.

ಎರಡು ಸೀಟಿನವರಿಗೆ ಇನ್ನೊಂದು ಮಾತು. ಉದ್ಯಾವರದಿಂದ ಉಡುಪಿ ಪೇಟೆಗೆ ಮಾತ್ರ ಓಡಿಸ್ತೀರಾದ್ರೆ ಅದೇ ದೊಡ್ಡ ಪೆಟ್ಟು. ನೀರಿನ ಮುಳ್ಳು ಮಧ್ಯಕ್ಕೆ ಬಂತು ಅಂದ್ರೆ ಆಯಿಲ್ ಬಿಸಿ ಆಯ್ತು ಅಂತ ಅಲ್ಲ. ದಪ್ಪ ಆಯಿಲ್, ತಣ್ಣಗಿರುವಾಗ ಸಂದಿಗೆ ಸರಿಯಾಗಿ ಹೋಗುದಿಲ್ಲ. ಎಂ3ಯ ಮೀಟರಿನಲ್ಲಿ ಕೆಂಪು ಗೆರೆಯ ಹತ್ತಿರ ಸಣ್ಣ ಲೈಟುಗಳಿರ್ತಾವೆ, ಆಯಿಲ್ ಬಿಸಿಯಾದ ಹಾಗೆ ಒಂದೊಂದೇ ಆರ್ತಾವೆ. ಅದು ಶೋಕಿಗೆ ಅಲ್ಲ. ಮಳೆಗಾಲ ಇಡೀ ಟರ್ಪಾಲು ಮುಚ್ಚಿ ನಿಲ್ಲಿಸುದಾದ್ರೆ ಟ್ಯಾಂಕಿನ ಪೆಟ್ರೋಲಿನ ಕಡೆಗೂ ಗಮನ ಇರಲಿ. ಈಗ ಪಂಪಿನಲ್ಲಿ ಸಿಗುವುದು 20 ಶೇಕಡಾ ಎಥನಾಲ್ ಬೆರೆತದ್ದು, ಎಥನಾಲ್ ನೀರು ಎಳೀತದೆ, ನಮ್ಮ ಕರಾವಳಿಯ ಗಾಳಿಯಲ್ಲಿ ನೀರಿಗೇನು ಬರಗಾಲ?

ಉದ್ಯಾವರ ಎರಡು ಸೀಟು

ಐದು ತಿಂಗಳ ನಂತರ ಬರೀತಾ ಇದ್ದೇನೆ, ಕ್ಷಮಿಸಿ.

ಕಾರನ್ನು ಬೆಂಗಳೂರಿಗೆ ಕಳಿಸ್ಲಿಲ್ಲ. ಪಾನಾ ಅವರು ಹೇಳಿದ ಒಬ್ಬರ ಹತ್ರ ಇಲ್ಲೇ ಬಿಚ್ಚಿಸಿದೆ, ಮೂರು ಶನಿವಾರ ಅಂಗಡಿ ಮುಚ್ಚಿ ಹತ್ತಿರವೇ ನಿಂತೆ. ಆರರಲ್ಲಿ ಎರಡು ಬೇರಿಂಗ್ ತಾಮ್ರ ಕಾಣುವಷ್ಟು ಸವೆದಿತ್ತು. ಕ್ರ್ಯಾಂಕಿನಲ್ಲಿ ಗೆರೆ ಇತ್ತು, ಉಗುರಿಗೆ ಸಿಗದಷ್ಟು ಸಣ್ಣದು, ಪಾಲಿಶ್‌ನಲ್ಲಿ ಹೋಯ್ತು. ಮೈಕ್ರೋಮೀಟರ್ ಹಿಡಿದು ಒಂದೊಂದು ಜರ್ನಲ್ (ಕ್ರ್ಯಾಂಕಿನಲ್ಲಿ ಬೇರಿಂಗ್ ಕೂರುವ ಭಾಗ) ಎರಡೆರಡು ಕಡೆ ಅಳೆದು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದ್ರು, ನಾನು ಪುಸ್ತಕಕ್ಕೆ ಇಳಿಸಿದೆ. ಹೌದು ಟ್ರಾಲರ್ ಅಣ್ಣ, ಪುಸ್ತಕ ತೆಗೆದಿದ್ದೇನೆ.

ಹಳೇ ಆಯಿಲ್ ಕೂಲರನ್ನು ಗ್ರೈಂಡರಿನಲ್ಲಿ ಅಡ್ಡಕ್ಕೆ ಸೀಳಿಸಿದೆ. ರೆಕ್ಕೆಗಳ ನಡುವೆ ಬೆಳ್ಳಿ ಹುಡಿ ಕಲಸಿದ ಕಪ್ಪು ಜಿಡ್ಡು. ಆ ಅರ್ಧ ತುಂಡಿನ ಫೋಟೊ, ಹಳೇ ಬಿಲ್, ಎರಡನ್ನೂ ಬೆಂಗಳೂರಿನವರಿಗೆ ಕಳಿಸಿ, ವಕೀಲರು ಹೇಳಿಕೊಟ್ಟ ಹಾಗೆ ಒಂದು ನೋಟಿಸ್ ಕೊಟ್ಟೆ. ಅರ್ಧ ಲೇಬರ್ ವಾಪಸ್ ಬಂತು. ಪೂರ್ತಿ ಬರ್ಲಿಲ್ಲ, ಕೋರ್ಟಿಗೆ ಹೋಗುವ ತ್ರಾಣ ನನಗಿಲ್ಲ. ತುಂಡು ಈಗ ಅಂಗಡಿಯ ಕೌಂಟರಿನಲ್ಲಿ ಬಿಲ್ ಪುಸ್ತಕ ಹಾರದ ಹಾಗೆ ಕೂತಿದೆ.

ಈಗ 2,300 ಕಿ.ಮೀ. ಆಯ್ತು. ಕೊಟ್ಟಾರದವರು ಕೇಳಿದ್ರು, ಪಾಟು ಹಾಕ್ತೀರಾ ಅಂತ. ಹೆದ್ದಾರಿಯಲ್ಲಿ ಹಾಕ್ತೇನೆ, ಘಾಟಿಯಲ್ಲಿ ಇಲ್ಲ.

ಮೊನ್ನೆ ಹೆಂಡತಿ ಕಾಪು ದೀಪಸ್ತಂಭದ ತನಕ ಬಂದ್ಲು. ವಾಪಸ್ ಬರುವಾಗ ಕಟಪಾಡಿ ಹತ್ರ ಹಿಂದಿನಿಂದ ಡುಬ್ ಡುಬ್ ಅಂತ ಶಬ್ದ. ಇಬ್ಬರೂ ಒಟ್ಟಿಗೆ ಕೇಳಿದೆವು, ಇಬ್ಬರೂ ಸುಮ್ಮನೆ. ಸರ್ವಿಸ್ ರಸ್ತೆಗೆ ಇಳಿಸಿ ನಿಲ್ಲಿಸಿದೆ. “ಎಂತ ಅಂತ ಗೊತ್ತಿಲ್ಲ” ಅಂತ ನಾನೇ ಮೊದಲು ಹೇಳಿದೆ. ಡಿಕ್ಕಿ ತೆಗೆದ್ರೆ ಅವಳ ತಾಯಿ ಕೊಟ್ಟ ಆರು ತೆಂಗಿನಕಾಯಿ, ಚೀಲದಿಂದ ಹೊರಬಂದು ಉರುಳ್ತಾ ಇತ್ತು.

ಹಿಂದಿನ ಸೀಟಿನವಳು

ಮುಂದಿನ ಸಲ ಏರ್‌ಪೋರ್ಟ್?

ಉದ್ಯಾವರ ಎರಡು ಸೀಟು

ಕೇಳಿದೆ ಅಕ್ಕ. ವ್ಯಾಗನ್‌ಆರ್ ಅಂತೆ.

ಬೈಕಂಪಾಡಿ ಪಾನಾ

ಆಯಿಲ್ ಎಷ್ಟಕ್ಕೆ ಬದಲಿಸ್ತೀರಿ ಈಗ?

ಉದ್ಯಾವರ ಎರಡು ಸೀಟು

ಮೊದಲನೆಯದು ಸಾವಿರಕ್ಕೆ ಬದಲಿಸಿದೆ, ಇನ್ನು ಏಳು ಸಾವಿರಕ್ಕೊಮ್ಮೆ. ಫಿಲ್ಟರ್ ಪ್ರತಿ ಸಲ ಕತ್ತರಿಸ್ತೇನೆ. ಸಾವಿರದ್ದರಲ್ಲಿ ಎರಡು ಚುಕ್ಕಿ ಇತ್ತು, ಫೋಟೊ ಕಳಿಸ್ಲಾ?